ಹ್ಯಾಂಡ್‌ಪೋಸ್ಟಿನಿಂದ ಕೇಳಿಸಿದ್ದು

ಶಿವಣ್ಣ, ನೀವು ಕಮಿಷನ್ ತಿಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಸಾಹುಕಾರರು ನಿಮ್ಮನ್ನು ಕೆಲಸದಿಂದ ತೆಗೆಯುವುದಕ್ಕೆ ಮೊದಲೇ ಗೊತ್ತಿತ್ತು — ಆದರೂ ನಾನು ಬಾಯಿ ಬಿಡಲಿಲ್ಲ.

ಆಗ ನಾನು ಹುಣಸೂರಿನ ನಮ್ಮ ಗೊಬ್ಬರ, ಬಿತ್ತನೆ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದೆ. ನೀವು ಸಾಮಾನು ಖರೀದಿಯವರು. ಪಿರಿಯಾಪಟ್ಟಣ, ಕೆ.ಆರ್. ನಗರ, ಹ್ಯಾಂಡ್‌ಪೋಸ್ಟ್ ಊರುಗಳಲ್ಲಿ ನಮ್ಮ ಶಾಖೆಗಳಿದ್ದವು. ದಿನವಿಡೀ ಒಬ್ಬರಿಗೊಬ್ಬರು ಫೋನು ಮಾಡಿ ಬರುತ್ತಿದ್ದ ಬಿಲ್ಲು ನೋಡಿ ಸಾಹುಕಾರರಿಗೆ ತಲೆ ಕೆಟ್ಟಿತ್ತು. ಬ್ರಾಡ್‌ಬ್ಯಾಂಡ್ ಬಂದ ಹೊಸತು. ಇಂಟರ್‌ನೆಟ್ಟಿನಲ್ಲೇ ಮಾತಾಡುವ ಮೇಜಿನ ಫೋನುಗಳಿವೆಯಂತೆ, ಅಗ್ಗದವು ಯಾವುದಿವೆ ನೋಡಿ ತನ್ನಿ ಎಂದು ನಿಮ್ಮನ್ನು ಮೈಸೂರಿಗೆ ಕಳಿಸಿದರು.

ನನ್ನ ಸ್ವಭಾವ ನಿಮಗೆ ಗೊತ್ತು. ಹಾಲು ತೆಳ್ಳಗಿದ್ದರೆ ನೀರು ಹಾಕಿದ್ದಾರೆ ಅನ್ನುವವಳು, ಗಟ್ಟಿಯಾಗಿದ್ದರೆ ಹಿಟ್ಟು ಕಲೆಸಿದ್ದಾರೆ ಅನ್ನುವವಳು. ನೀವು ಮತ್ತೆ ಮತ್ತೆ ಮೈಸೂರಿನ ಒಂದೇ ಅಂಗಡಿಗೆ ಹೋಗಿ ಬಂದಿರಿ. ಒಂದು ಸೆಟ್ಟನ್ನು ಕೈಚೀಲದಲ್ಲಿ ತಂದು, ಶಾಖೆ ಶಾಖೆಗೂ ಹೊತ್ತು, ಗಲಾಟೆಯ ನಡುವೆ ಮಾತು ಕೇಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದಿರಿ. ಕೊನೆಗೆ ಯಾರೂ ಹೆಸರು ಕೇಳದ ಕಂಪನಿಯ, ಹಳೇ ಮಾದರಿಯ ಫೋನು ಆರಿಸಿದಿರಿ. ಇಷ್ಟು ಮುತುವರ್ಜಿ ಯಾಕೆ? ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮೈಮೇಲೆ ಹೊಸ ಷರಟು ಬೇರೆ. ನಾನು ಸಾಹುಕಾರರ ಮುಂದೆ ನಿಮ್ಮ ಹೆಸರು ಎತ್ತಲಿಲ್ಲ. "ಖರೀದಿಗೆ ಬಂದೋರ್ನ ಅಂಗಡಿಯವ್ರು ಬರಿಗೈಲಿ ಕಳಿಸ್ತಾರಾ ಸಾರ್?" ಎಂದೆ, ಅಷ್ಟೆ. ಅನುಮಾನ ಹುಟ್ಟಲು ಅವರಿಗೆ ಅಷ್ಟು ಸಾಕಾಯಿತು.

ಫೋನುಗಳು ಬಂದವು. ಚೆನ್ನಾಗಿಯೇ ಇದ್ದವು — ಅದೂ ನನಗೆ ಹೊಟ್ಟೆಯುರಿ. ಶಾಖೆಗಳ ನಡುವೆ ಮಾತು ಪುಕ್ಕಟೆ ಎಂದು ತಿಳಿದದ್ದೇ ನಮ್ಮ ಜನ ಒಂದು ಅಭ್ಯಾಸ ಮಾಡಿಕೊಂಡರು. ಬೆಳಿಗ್ಗೆ ಬಾಗಿಲು ತೆಗೆದವರೇ ಹುಣಸೂರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಹಾಗೇ ಬಿಟ್ಟುಬಿಡುವುದು. "ಕಾಸಾ, ಕರೀಮಣಿನಾ, ಇರ್ಲಿ ಬುಡಿ" ಅನ್ನುವರು. ಅಲ್ಲಿಯ ಗಿರಾಕಿ "ಯೂರಿಯಾ ಬಂತೇನಮ್ಮೋ?" ಎಂದು ಕೂಗಿದರೆ ನಾನು ಇಲ್ಲಿಂದ ಉತ್ತರ ಕೊಡುತ್ತಿದ್ದೆ. ನಾಲ್ಕೂ ಊರು ಒಂದೇ ಪಡಸಾಲೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಲೈನು ತೆರೆದಿದೆ ಎಂಬುದೇ ಎಲ್ಲರಿಗೂ ಮರೆತುಹೋಗುತ್ತಿತ್ತು.

ನನಗೆ ಮರೆಯುತ್ತಿರಲಿಲ್ಲ. ನನ್ನ ಕಡೆಯ ಮ್ಯೂಟ್ ಗುಂಡಿ ಒತ್ತಿ, ನನ್ನ ಸದ್ದು ಅಡಗಿಸಿ, ಕೂತು ಕೇಳುತ್ತಿದ್ದೆ. ಯಾರು ಯಾರನ್ನು ಬೈದರು, ಯಾರು ಊಟಕ್ಕೆ ಹೋಗಿ ತಡವಾಗಿ ಬಂದರು — ಎಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದರಲ್ಲಿ ನನಗೊಂದು ಸುಖವಿತ್ತು.

ಅವತ್ತು ನೀವು ವೈರು ಸರಿಮಾಡಿಸಲು ಆ ಫೋನಿನ ಅಂಗಡಿಯವನನ್ನು ಕರೆದುಕೊಂಡು ಹ್ಯಾಂಡ್‌ಪೋಸ್ಟಿಗೆ ಹೋಗಿದ್ದಿರಿ. ನಿಮ್ಮ ಪಾಲು ಎತ್ತಿಟ್ಟಿದ್ದೇನೆ ಎಂದು ಅವನು ನಿಮಗೆ ಹೇಳಿದ್ದು ಸ್ಪೀಕರಿನಲ್ಲಿ ಕೇಳಿಸಿತು. ನಾನು ಫೋನಿನ ಹತ್ತಿರಕ್ಕೆ ಬಾಗಿದೆ — ಸಿಕ್ಕಿಬಿದ್ದ ಕಳ್ಳ! ಆಮೇಲೆ ನಿಮ್ಮ ದನಿ:

"ನಂಗ್ ಬ್ಯಾಡ ಕಣ್ರೀ. ಅದ್ನ ಬಿಲ್ಲಲ್ಲೇ ಇಳಿಸ್ಬುಡಿ. ಸಾವ್ಕಾರ್ರು ನಂಬಿ ಕಳ್ಸವ್ರೆ, ಅಂಗೆಲ್ಲ ಮಾಡಾಕಾಗಲ್ಲ."

ನನ್ನೆದುರು ಒಂದೇ ಕೆಲಸವಿತ್ತು. ಪಕ್ಕದ ಕೋಣೆಗೆ ಹೋಗಿ, ಸಾರ್, ನಾನು ಅಂದದ್ದು ತಪ್ಪು ಎನ್ನಬೇಕಿತ್ತು. ಆದರೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ? ದಿನಾ ಕದ್ದು ಕೇಳುತ್ತಿದ್ದೆ ಎಂದು ಹೇಳಲೇ? ಎದ್ದವಳು ಮತ್ತೆ ಕೂತೆ.

ಬಿಲ್ಲು ಬಂತು, ಕೊನೆಯಲ್ಲಿ ಮೊತ್ತ ಇಳಿಸಿತ್ತು. ಆ ಇಳಿಕೆಯೇ ನಿಮ್ಮ ಕುತ್ತಿಗೆಗೆ ಬಂತು. "ಈಗ ಇಳಿಸವ್ನೆ ಅಂದ್ರೆ ಮೊದ್ಲು ಏರಿಸಿದ್ದ ಅಂತ್ಲೇ ಅರ್ಥ. ನಂಗೆ ಅನುಮಾನ ಬಂದದ್ದು ತಿಳಿದು ನೀವೇ ಹೇಳಿ ಇಳಿಸಿದ್ದೀರಿ" ಎಂದರು ಸಾಹುಕಾರರು. ನೀವು ಮುಟ್ಟಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ನಿಮ್ಗೇನಾದ್ರೂ ಗೊತ್ತೇನಮ್ಮ?"

ನೀವೂ ನನ್ನನ್ನೇ ನೋಡಿದಿರಿ.

"ನನಗೇನೂ ಗೊತ್ತಿಲ್ಲ ಸಾರ್" ಎಂದೆ.

ನೀವು ಹೋದ ಮೇಲೆ ಒಂದು ಹೊಸ ಅನುಮಾನ ಹುಟ್ಟಿಸಿಕೊಂಡೆ — ಲೈನು ತೆರೆದಿದೆ ಎಂದು ಗೊತ್ತಿದ್ದೇ, ನಮಗೆ ಕೇಳಿಸಲಿ ಎಂದೇ ಶಿವಣ್ಣ ಹಾಗಂದಿರಬಹುದಲ್ಲ? ಅದನ್ನು ನಾನು ಒಂದು ದಿನವೂ ನಂಬಲಿಲ್ಲ. ಆದರೂ ನಿದ್ದೆ ಬರಲಿ ಎಂದು ವರ್ಷಗಟ್ಟಲೆ ಸಾಕಿಕೊಂಡೆ. ಅಷ್ಟರಲ್ಲಿ ಕಮಿಷನ್ ತಿಂದವರು ಎಂಬ ಮಾತು ಕೆ.ಆರ್. ನಗರದವರೆಗೂ ಹಬ್ಬಿತ್ತು. ಯಾವ ಅಂಗಡಿಯವರೂ ನಿಮಗೆ ಖರೀದಿ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ.

ಮೊನ್ನೆ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನನ್ನು ಗುರುತು ಹಿಡಿದಿರಿ. ಬೈಯುತ್ತೀರಿ ಅಂದುಕೊಂಡೆ. ನೀವು ಕೈ ಮುಗಿದಿರಿ.

"ಅವತ್ತು ಎಲ್ರೂ ನನ್ ಮ್ಯಾಲೆ ಕಲ್ಲಾಕ್ದಾಗ ನೀವೊಬ್ರೇ ಕಣಮ್ಮ ಕೆಟ್ಟದ್ ಆಡ್ದೆ ಇದ್ದೋರು. ನಮ್ಮನೇಲಿ ಈಗ್ಲೂ ನಿಮ್ಮೆಸ್ರು ತಗೋತೀವಿ. ಒಂದಿನ ಮನೆಗೆ ಬನ್ನಿ."

ನಾನು... ತಲೆಯಾಡಿಸಿದೆ. ಶಿವಣ್ಣ, ನಿಮ್ಮ ಆ ಕೃತಜ್ಞತೆಯನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮೊಬ್ಬರಿಗೆ ಹೇಳಿದರೆ ಸಾಲದು. ನನ್ನ ಹೆಸರನ್ನು ಒಳ್ಳೆಯದೆಂದು ತೆಗೆದುಕೊಳ್ಳುವ ನಿಮ್ಮ ಹೆಂಡತಿ ಮಕ್ಕಳ ಎದುರಿಗೇ ಹೇಳಬೇಕು. ಒಳಗೆ ಕರೆಯುತ್ತೀರಿ, ಕಾಫಿಗೆ ಇಡಿ ಎನ್ನುತ್ತೀರಿ. ಇಡಬೇಡಿ. ಹೊಸಿಲಿನ ಆಚೆಯೇ ನಿಂತು ಹೇಳುತ್ತೇನೆ. ಒಳಗೆ ಬಂದು ಕೂತರೆ ಮತ್ತೆ ಸುಮ್ಮನಿದ್ದುಬಿಡುವವಳು ನಾನು.