ಗುಮಾನಿಯ ಅಕ್ಷಾಂಶ

ಬಂದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗುಮಾನಿ, ತನ್ನ ನೆರಳನ್ನೂ ನಂಬದ ಮನುಷ್ಯ. ಐಸ್ ತುಂಬುವವನು ನಕ್ಕರೆ ಕಡಿಮೆ ತುಂಬಿದ್ದಾನೆ ಅಂದುಕೊಳ್ಳುತ್ತಿದ್ದ, ನಗದಿದ್ದರೆ ಇನ್ನೂ ಕಡಿಮೆ ತುಂಬಿದ್ದಾನೆ ಅಂದುಕೊಳ್ಳುತ್ತಿದ್ದ. ಜನ ಅದನ್ನು ತಮಾಷೆ ಮಾಡಿಕೊಂಡು ಹೇಗೋ ಸಹಿಸಿಕೊಂಡಿದ್ದರು.

ಕಡಲಿನಲ್ಲಿ ಬೀದಿಯಿಲ್ಲ, ಮರವಿಲ್ಲ, ದಾರಿ ಕೇಳೋಣವೆಂದರೆ ಮೂಲೆಯಂಗಡಿಯೂ ಇಲ್ಲ. ಅಲ್ಲಿ ಒಂದು ಜಾಗದ ವಿಳಾಸವೆಂದರೆ ಎರಡು ಸಂಖ್ಯೆ, ಅಷ್ಟೇ. ಭೂಮಿಯ ನಡುಗೆರೆಯಿಂದ ಎಷ್ಟು ಉತ್ತರಕ್ಕಿದ್ದೀರಿ ಎನ್ನುವುದು ಅಕ್ಷಾಂಶ. ಧ್ರುವದಿಂದ ಧ್ರುವಕ್ಕೆ ಎಳೆದ ಮೊದಲ ಗೆರೆಯಿಂದ ಎಷ್ಟು ಪಕ್ಕಕ್ಕಿದ್ದೀರಿ ಎನ್ನುವುದು ರೇಖಾಂಶ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದೊಂದು ಪಾಲಿಗೂ ನಿಮಿಷ ಎನ್ನುತ್ತಾರೆ. ಅಕ್ಷಾಂಶದ ಒಂದು ನಿಮಿಷವೆಂದರೆ ನೀರಿನ ಮೇಲೆ ಹತ್ತಿರ ಹತ್ತಿರ ಎರಡು ಕಿಲೋಮೀಟರು. ಗುಮಾನಿಯ ಬೋಟಿನ ಜಿಪಿಎಸ್ ಪಾಪ ಇದನ್ನೆಲ್ಲ ನಿಯತ್ತಾಗಿ ತೋರಿಸುತ್ತಿತ್ತು. ಅವನು ಅದರ ಮೇಲೆ ಟವೆಲ್ ಹೊದಿಸಿಡುತ್ತಿದ್ದ. ಮೀನಿರುವ ಜಾಗ ಎಲ್ಲಿ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ಅಕ್ಷಾಂಶಕ್ಕೆ ಐದು ನಿಮಿಷ ಸೇರಿಸಿ ಧಾರಾಳವಾಗಿ ಹೇಳುತ್ತಿದ್ದ.

ಅಳಿಯನಿಗೂ ಹಾಗೇ ಹೇಳಿದ. ಸ್ವಂತ ಬೋಟಿದ್ದ ಆ ಹುಡುಗ ಮಗಳ ಕೈ ಹಿಡಿದದ್ದೇ ಮೀನಿನ ಜಾಗದ ಆಸೆಗೆ ಎಂದು ಇವನ ಎಣಿಕೆ. ಮೊದಲ ಸಲ ಅಳಿಯ ಖಾಲಿ ಬಲೆ ಎಳೆದುಕೊಂಡು ಬಂದ. ಆಮೇಲಿನ ಸಲಗಳಲ್ಲಿ ಮಾತ್ರ “ಆಯ್ತು ಮಾವ” ಎಂದು ಹೋದವನು ಬೋಟು ತುಂಬಿಸಿಕೊಂಡೇ ಬರುತ್ತಿದ್ದ. ತನ್ನ ತಮ್ಮನೇ ಗುಟ್ಟು ಬಿಟ್ಟಿರಬೇಕೆಂದು ಗುಮಾನಿ ತೀರ್ಮಾನಿಸಿದ. ತಮ್ಮ ಅದೇ ಬೋಟಿನಲ್ಲಿ ಅಣ್ಣನ ಜೊತೆ ಬಲೆ ಎಳೆಯುವವನು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಂಬುವುದಾದರೂ ಹೇಗೆ?

ಒಂದು ಮಧ್ಯಾಹ್ನ ಬಲೆ ಹರಿದು ನೀರೊಳಗಿನ ಫ್ಯಾನಿಗೆ ಸುತ್ತಿಕೊಂಡು ಬೋಟು ನಿಂತುಹೋಯಿತು. ಅದನ್ನು ಬಿಡಿಸುವ ಗಡಿಬಿಡಿಯಲ್ಲಿ ತಮ್ಮನ ಬಲಗೈ ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿತು. ಗುಮಾನಿ ಜಿಪಿಎಸ್ ಮೇಲಿನ ಟವೆಲನ್ನೇ ಕಿತ್ತು ಕೈಗೆ ಬಿಗಿದ. ನೋಡನೋಡುತ್ತಲೇ ಅದು ಕೆಂಪಾಯಿತು. ವೈರ್‌ಲೆಸ್‌ನಲ್ಲಿ ಕೂಗಿದಾಗ ಓಗೊಟ್ಟವನು ಅಳಿಯ.

“ಹತ್ತಿರದಲ್ಲೇ ಇದ್ದೀನಿ ಮಾವ. ನಂಬರ್ ಹೇಳಿ.”

ಗುಮಾನಿ ಮೈಕ್ ಹಿಡಿದು ಸುಮ್ಮನಾದ. ಆಡಿದ ಮಾತು ಬಂದರಿನ ಎಲ್ಲ ಬೋಟಿಗೂ ಕೇಳುತ್ತದೆ. ತಾವು ನಿಂತಿದ್ದದ್ದು ಅವನ ಎಲ್ಲಕ್ಕಿಂತ ಒಳ್ಳೆಯ ಜಾಗದ ನೆತ್ತಿಯ ಮೇಲೆ. ನಾಳೆ ಬೆಳಗಾದರೆ ಊರಿಗೂರೇ ಇಲ್ಲಿ ಬಲೆ ಬಿಡುತ್ತದೆ. ಹಲ್ಲು ಕಚ್ಚಿಕೊಂಡು ತಮ್ಮ ಅವನನ್ನೇ ನೋಡುತ್ತಿದ್ದ.

“ಮಾವ, ಹೇಳಿ ಬೇಗ.”

ಹೇಳಿದ. ಇದ್ದದ್ದನ್ನು ಇದ್ದ ಹಾಗೇ, ಏನೂ ಸೇರಿಸದೆ.

ಕಾದರು. ಯಾವ ದಿಕ್ಕಿನಲ್ಲೂ ಬೋಟು ಕಾಣಲಿಲ್ಲ. ತಮ್ಮನ ತುಟಿ ಬಿಳಚಿಕೊಂಡಿತು. ಆಮೇಲೆ ಅಳಿಯನ ದನಿ ಬಂತು: “ಜಾಗಕ್ಕೆ ಬಂದಿದ್ದೀನಿ ಮಾವ. ಇಲ್ಲಿ ಯಾರೂ ಇಲ್ವಲ್ಲ.”

“ಎಷ್ಟು ಹಾಕ್ಕೊಂಡಿದ್ದೀಯ, ಓದು.”

ಅಳಿಯ ಓದಿದ. ಅಕ್ಷಾಂಶದಲ್ಲಿ ಐದು ನಿಮಿಷ ಕಡಿಮೆ ಇತ್ತು.

ಗುಮಾನಿಗೆ ಆಗ ಹೊಳೆಯಿತು. ಇವನು ಮಾವನ ಸುಳ್ಳನ್ನು ಎಂದೋ ಅಳೆದಿಟ್ಟುಕೊಂಡು, ಪ್ರತಿ ಸಲವೂ ಆ ಐದು ನಿಮಿಷ ಕಳೆದೇ ಬರುತ್ತಿದ್ದ. “ನಾನು ಹೇಳಿದ್ದನ್ನೇ ಹಾಕೋ” ಎಂದ. ಅಳಿಯ ಬೋಟು ತಿರುಗಿಸಿದ.

ತಮ್ಮನ ಜೀವ ಉಳಿಯಿತು, ಕೈ ಉಳಿಯಲಿಲ್ಲ. ಇನ್ನು ಸ್ವಲ್ಪ ಮುಂಚೆ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಮಾವ ಅಷ್ಟು ಸ್ಪಷ್ಟವಾಗಿ ಹೇಳಿದರೂ ಬೇರೆಲ್ಲಿಗೋ ಹೋದವನು ಎಂದು ಇಡೀ ಬಂದರು ಅಳಿಯನಿಗೆ ಛೀಮಾರಿ ಹಾಕಿತು. ಮಗಳು ಗಂಡನ ಜೊತೆ ಮಾತು ಬಿಟ್ಟಳು. ಅಳಿಯ “ತಪ್ಪಾಯ್ತು” ಎಂದನೇ ಹೊರತು ಮಾವನ ಹೆಸರೆತ್ತಲಿಲ್ಲ.

ಇವನು ಯಾಕೆ ಬಾಯಿ ಬಿಡುತ್ತಿಲ್ಲ? ಇದನ್ನಿಟ್ಟುಕೊಂಡು ಏನು ಕೇಳಲು ಹೊಂಚು ಹಾಕಿದ್ದಾನೆ? ಗುಮಾನಿ ದಿನವೂ ಕಾದ. ಅಳಿಯ ಏನೂ ಕೇಳಲಿಲ್ಲ. ಸಂಜೆಗೊಮ್ಮೆ ಬಂದು ತಮ್ಮನಿಗೆ ಊಟ ಮಾಡಿಸಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅವನ ಆ ಬಗ್ಗಿದ ಬೆನ್ನು ನೋಡಿದರೆ ಗುಮಾನಿಗೆ ತುತ್ತು ಇಳಿಯುತ್ತಿರಲಿಲ್ಲ. ನಾಚಿಕೆ ಎಂದರೆ ಏನೆಂದು ಈ ವಯಸ್ಸಿನಲ್ಲಿ ಅವನಿಗೆ ತಿಳಿಯಿತು.

ಕೊನೆಗೊಂದು ದಿನ ತಮ್ಮನ ಮಂಚದ ಪಕ್ಕ ಕುಳಿತ. “ಅವನದೇನೂ ತಪ್ಪಿಲ್ಲ ಕಣೋ. ನಾನು ಯಾವಾಗಲೂ ಐದು ನಿಮಿಷ ಸೇರಿಸಿ ಹೇಳ್ತಿದ್ದೆ. ಅವತ್ತೂ ಸೇರಿಸಿದ್ದೀನಿ ಅಂದ್ಕೊಂಡು ಅವನು ಕಳೆದ.”

ತಮ್ಮ ಎಡಗೈ ಊರಿ ಎದ್ದು ಕುಳಿತ.

“ಐದು ನಿಮಿಷದ ವಿಷಯ ನಂಗೆ ಮೊದಲಿಂದಲೂ ಗೊತ್ತಣ್ಣ” ಎಂದ. “ಮೈಕ್ ಹಿಡ್ಕೊಂಡು ಸುಮ್ಮನೆ ನಿಂತಿದ್ದೆಯಲ್ಲ, ಆಗ ಏನು ಯೋಚನೆ ಮಾಡ್ತಿದ್ದೆ? ಅದನ್ನ ಹೇಳು.”