ಹಸಿರು ಕಾರಿಗೆ ಬಿದ್ದ ಮಾರ್ಕು

ಗೆಳೆಯರೇ, ಇವತ್ತು ಶಿಕಾರಿಪುರದ ವಾಚನಾಲಯದಲ್ಲಿ ದೊಡ್ಡ ಗಲಾಟೆ. ಊರಿಗೆ ಬರುವ ನಾಲ್ಕಾರು ಕಾರುಗಳಲ್ಲಿ ಯಾವುದು ಚೆಂದ ಎಂದು ಓದುಗರೆಲ್ಲ ಹತ್ತಕ್ಕೆ ಮಾರ್ಕು ಹಾಕಿದ್ದರು. ಕಾರ್ಯದರ್ಶಿಗಳು ಮಾರ್ಕುಗಳನ್ನೆಲ್ಲ ಕೂಡಿಸಿ, ವಕೀಲರ ಕಪ್ಪು ಕಾರೇ ಮೊದಲು ಎಂದರು. ನಮ್ಮಣ್ಣ ರಹೀಮನ ಮುಖ ಬಾಡಿತು. ಸೊರಬದ ಡಾಕ್ಟರ ಹಸಿರು ಕಾರಿಗೆ ಬಣ್ಣ ಹೊಡೆದವನು ಅವನು.

ಶಾಲೆಯಲ್ಲಿ ಟೀಚರಾಗಿರುವ ನಮ್ಮಕ್ಕ ಫಾತಿಮಾ ಎದ್ದು ನಿಂತಳು. "ವಕೀಲರ ಕಾರು ದಿನಾ ಬಸ್‌ಸ್ಟ್ಯಾಂಡಲ್ಲಿ ನಿಲ್ತೈತ್ರಿ, ಎಲ್ರೂ ನೋಡ್ಯಾರೆ. ಹಸಿರು ಕಾರು ಸಂತೆ ದಿನ ಮಾತ್ರ ಬರ್ತೈತಿ. ಬರೇ ಕೂಡಿಸಿದ್ರೆ ಹೆಂಗೆ? ಮಾರ್ಕು ಹಾಕಿದೋರು ಎಷ್ಟು ಜನಾನೋ ಅಷ್ಟರಿಂದ ಭಾಗಿಸ್ರಿ."

ಭಾಗಿಸಿದರು. ಹಸಿರು ಕಾರು ಗೆದ್ದಿತು! ಅಣ್ಣ ಚಪ್ಪಾಳೆ ತಟ್ಟುವಷ್ಟರಲ್ಲಿ ಅಕ್ಕ ಮತ್ತೆ ಎದ್ದಳು.

"ಇನ್ನೊಂದು ಮಾತೈತ್ರಿ. ನಮ್ಮ ಮನೆಮಂದಿಯೆಲ್ಲ ಹಸಿರು ಕಾರಿಗೆ ಹತ್ತಕ್ಕೆ ಹತ್ತು ಹಾಕೇವಿ. ವಕೀಲರ ಮನೆಯೋರೂ ಅವರ ಕಾರಿಗೆ ಹಂಗೇ ಹಾಕಿರ್ತಾರೆ. ಎರಡೂ ಕಡೇದು ಬಿಟ್ಟು ಲೆಕ್ಕ ಹಾಕ್ರಿ."

ಹಾಗೇ ಹಾಕಿದರು. ಕಪ್ಪು ಕಾರು ಕೂದಲೆಳೆಯಷ್ಟು ಮುಂದೆ ಬಂತು. ಆಮೇಲೆ ಕಾರ್ಯದರ್ಶಿಗಳು, "ಟೀಚರಮ್ಮ, ಇನ್ಮುಂದೆ ಇಂಥಾದ್ದಕ್ಕೆಲ್ಲ ನೀವೇ ಬರಬೇಕು ನೋಡ್ರಿ" ಎಂದರು. ನನ್ನ ಎದೆ ಉಬ್ಬಿತು.

ಅಣ್ಣ ಸಿಟ್ಟಾಗಿರಬಹುದೆಂದು ಹೆದರಿದ್ದೆ. ಅವನೋ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮನ್ನ ಸೋಲ್ಸಿದ್ದು ಯಾರು ಗೊತ್ತೇನ್ರಿ? ನನ್ನ ತಂಗಿ!" ಎಂದು ಹೇಳುತ್ತ ಬಂದ. ಗೆದ್ದ ವಕೀಲರ ಕಾರಿನ ಸುದ್ದಿ ಮಾತ್ರ ಯಾರೂ ಕೇಳಲಿಲ್ಲ.