ಅಲೆಗೆ ಬೆನ್ನು ಮಾಡಿ ನಿಂತ ಸೊಸೆ

ಅವರು ಗೋವಾಕ್ಕೆ ಬಂದದ್ದು ಮಳೆಗಾಲ ಶುರುವಾದ ಮೇಲೆ. ಬುದ್ಧಿ ಇರುವವರು ಯಾರೂ ಆ ಹೊತ್ತಿಗೆ ಸಮುದ್ರದ ಹತ್ತಿರ ಸುಳಿಯುವುದಿಲ್ಲ. ಮೀನುಗಾರರು ಕೂಡ ದೋಣಿಗಳನ್ನು ಮೇಲಕ್ಕೆಳೆದು, ತೆಂಗಿನ ಗರಿ ಹೊದಿಸಿ, ಮನೆಯಲ್ಲಿ ಬಲೆ ಸರಿಮಾಡುತ್ತ ಕೂತಿರುತ್ತಾರೆ. ಆದರೆ ಹೋಟೆಲುಗಳು ಅಗ್ಗವಾಗುವುದು ಆಗಲೇ. ಕನ್ನಡದ ಒಂದು ಧಾರಾವಾಹಿಯವರು ಅದನ್ನೇ ಲೆಕ್ಕ ಹಾಕಿ, ಕಥೆಯ ದೊಡ್ಡ ಸೊಸೆಯ ಹನಿಮೂನನ್ನು ಜೂನ್ ತಿಂಗಳಿಗೆ ಗೊತ್ತುಮಾಡಿದ್ದರು.

ನಾನು ಆಗ ಪಣಜಿಯ ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಿ.ಎ. ಮುಗಿದಿತ್ತು. ನಮ್ಮದು ಬಾಗಲಕೋಟೆ ಕಡೆಯಿಂದ ಬಂದ ಮನೆತನ. ಅಪ್ಪನದು ಗಾರೆ ಕೆಲಸ, ವಾಸ ಪಣಜಿ ಪಕ್ಕದ ಚಿಂಬಲ್‌ನಲ್ಲಿ. ಶೂಟಿಂಗಿಗೆ ಗಾಡಿಗಳನ್ನು ಕೊಟ್ಟದ್ದು ನಮ್ಮ ಆಫೀಸು. ಕನ್ನಡವೂ ಕೊಂಕಣಿಯೂ ಬರುವವರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕಳಿಸಿದರು.

ಸುದ್ದಿ ಕೇಳಿ ಅವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. "ಆಕಿನ್ನ ಖರೇನ ಕಣ್ಣಾರೆ ನೋಡ್ತಿ ಏನ? ಆ ಗಂಡಗ ಹೇಳು, ಹೆಂಡ್ತಿನ್ನ ಇನ್ನರ ಚಲೋ ನೋಡ್ಕೋ ಅಂತ. ಎರಡ ಸಲ ಸತ್ತು ಬಂದಾನ, ಇನ್ನೂ ಬುದ್ಧಿ ಬಂದಿಲ್ಲ ಅವಗ."

ನಮ್ಮ ಓಣಿಯ ಹೆಂಗಸರೆಲ್ಲ ಸಂಜೆ ಕೆಲಸದಿಂದ ಬಂದು, ಕಾಲಿನ ಸಿಮೆಂಟು ತೊಳೆಯುವ ಮೊದಲೇ ನಮ್ಮ ಟಿ.ವಿ. ಮುಂದೆ ಕೂರುತ್ತಿದ್ದರು. ಆ ಧಾರಾವಾಹಿಯಲ್ಲಿ ಒಬ್ಬರಿಗೂ ದುಡಿಯುವ ಕೆಲಸವಿರಲಿಲ್ಲ. ರೇಷ್ಮೆ ಸೀರೆ ಉಟ್ಟೇ ಮಲಗುತ್ತಿದ್ದರು, ರೇಷ್ಮೆ ಸೀರೆ ಉಟ್ಟೇ ಪಾಯಸಕ್ಕೆ ವಿಷ ಬೆರೆಸುತ್ತಿದ್ದರು. ಇಡೀ ದಿನ ಇಟ್ಟಿಗೆ ಹೊತ್ತವರು ಅದನ್ನು ನೋಡಿ ಕಣ್ಣೊರೆಸಿಕೊಳ್ಳುವುದು ನನಗೆ ಹೇಸಿಗೆ ಬರಿಸುತ್ತಿತ್ತು. ಅದನ್ನು ಮಾಡುವವರನ್ನು ಹತ್ತಿರದಿಂದ ಕಂಡ ಮೇಲೆ ನೋಡುವವರ ಮೇಲಿನ ಹೇಸಿಗೆ ಕಡಿಮೆಯಾಯಿತು.

ಮೊದಲ ದಿನವೇ ನನಗೆ ಇನ್ನೊಂದು ಕೆಲಸ ಬಿತ್ತು. ಧಾರಾವಾಹಿಯವರಿಗೆ ಮಾತು ಬಾಯಿಪಾಠ ಮಾಡುವಷ್ಟು ಪುರುಸೊತ್ತಿಲ್ಲ. ಸಂಭಾಷಣೆ ಬರೆದವನು ಬೆಳಿಗ್ಗೆ ಫೋನಿಗೆ ಕಳಿಸುತ್ತಾನೆ, ಮಧ್ಯಾಹ್ನಕ್ಕೆ ಅದು ಮುಗಿದಿರಬೇಕು. ಹಾಗಾಗಿ ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ನಿಂತು ಒಂದೊಂದೇ ಸಾಲು ಓದುತ್ತಾರೆ. ನಟಿ ಅದನ್ನು ಕೇಳಿಸಿಕೊಂಡು, ಭಾವ ಬೆರೆಸಿ ತಿರುಗಿ ಹೇಳುತ್ತಾಳೆ. ಇದಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ. ಅವರ ಮಾಮೂಲಿ ಪ್ರಾಂಪ್ಟರ್ ಬೆಂಗಳೂರಿನಲ್ಲಿ ಅತ್ತೆಯ ದೃಶ್ಯಗಳಿಗೆ ಉಳಿದಿದ್ದ. ಸಮುದ್ರದ ಗದ್ದಲದಲ್ಲಿ ಧ್ವನಿ ಹೇಗೂ ಕೆಡುವುದರಿಂದ ಎಲ್ಲವನ್ನೂ ಆಮೇಲೆ ಡಬ್ ಮಾಡುತ್ತಾರಂತೆ. ಜೋರಾಗಿ ಕೂಗಿದರೆ ಸಾಕು, ಯಾರಾದರೂ ಆದೀತು. ನಾನು ಆದೆ.

ನನ್ನ ಮೊದಲ ಸಾಲಿಗೇ ನಿರ್ದೇಶಕ ಕೊಡೆಯ ಕೆಳಗಿನಿಂದ ನಕ್ಕ.

"ಏನಮ್ಮಾ ಇದು ರಾಗ? ನಮ್ ಸೀರಿಯಲ್‌ನಲ್ಲಿ ಕೆಲಸದೋಳ ಪಾರ್ಟ್ ಬಂದ್ರೆ ನಿನ್ನೇ ಕರೀತೀನಿ ಬಿಡು."

ಎಲ್ಲರೂ ನಕ್ಕರು. ನಮ್ಮ ಕಡೆಯ ಕನ್ನಡ ಅವರಿಗೆ ಗೊತ್ತಿದ್ದದ್ದು ಎರಡೇ ಬಗೆಯಲ್ಲಿ: ಕೆಲಸದವಳು ಆಡಿದರೆ ನಗು, ರೌಡಿ ಆಡಿದರೆ ಭಯ. ದೊಡ್ಡ ಸೊಸೆಯ ಪಾತ್ರದ ನಟಿ ಮಾತ್ರ ನಗದೆ ಮೂಗಿಗೆ ಪೌಡರ್ ಒತ್ತಿಸಿಕೊಳ್ಳುತ್ತಿದ್ದಳು.

ಆಕೆಯ ಕಸುಬನ್ನು ನಾನು ಕಂಡದ್ದು ಅದೇ ದಿನ. ವಿರಹದ ದೃಶ್ಯ. ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ನಿಂತಿದ್ದಳು. ನಾನು ಓದುತ್ತಿದ್ದೆ, ಆಕೆ ಹೇಳುತ್ತಿದ್ದಳು. ಅಷ್ಟರಲ್ಲಿ ಬೀಚಿನ ಬೀದಿನಾಯಿಯೊಂದು ಆಕೆಯ ಸೆರಗು ಮೂಸಲು ಬಂತು. "ನಾಯಿ ಬಂತ್ರೀ, ನಾಯಿ," ಎಂದೆ. ಆಕೆ ದಿಗಂತದ ಕಡೆ ನೋಡುತ್ತ, ಗಂಟಲು ಬಿಗಿಹಿಡಿದು, "ನಾಯಿ ಬಂತ್ರೀ... ನಾಯಿ..." ಎಂದಳು. ಕೆನ್ನೆಯ ಮೇಲೆ ಒಂದು ಹನಿ ಸರಿಯಾದ ಹೊತ್ತಿಗೆ ಇಳಿಯಿತು.

ಯೂನಿಟ್ಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕನಿಗೆ ಮಾತ್ರ ಹೆಮ್ಮೆ. "ನೋಡಿದ್ರಾ? ಕಿವಿಗೆ ಬಿದ್ದಿದ್ದು ನೇರ ಬಾಯಿಗೆ. ಮಧ್ಯೆ ತಲೆಗೆ ಹೋಗೋದೇ ಇಲ್ಲ. ಅದಕ್ಕೇ ನಮ್ ಮೇಡಂ ಒಂದು ದಿನಕ್ಕೆ ಮೂರು ಎಪಿಸೋಡ್ ಮುಗಿಸ್ತಾರೆ." ಆಮೇಲೆ ನನ್ನ ಕಡೆ ತಿರುಗಿ, ಟೇಕ್ ನಡೆಯುವಾಗ ಡೈಲಾಗ್ ಬಿಟ್ಟು ಬೇರೆ ಒಂದಕ್ಷರ ಆಡಬಾರದೆಂದು ಗದರಿದ.

ಮಧ್ಯಾಹ್ನ ಮಳೆ ಹಿಡಿದಾಗ ಆಕೆ ನನ್ನನ್ನು ತನ್ನ ಕ್ಯಾರವಾನಿನೊಳಗೆ ಕರೆದಳು. ನಮ್ಮ ಚಿಂಬಲ್ ಮನೆಯ ಅಡುಗೆಕೋಣೆಗಿಂತ ಅದು ದೊಡ್ಡದಿತ್ತು.

"ಯಾವೂರು ನಿಮ್ದು?"

"ಬಾಗಲಕೋಟಿ ಕಡಿರಿ, ಅಕ್ಕಾರ. ಈಗ ಇಲ್ಲೇ."

ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡಳು. "ನಮ್ಮದೂ ಆ ಕಡಿನ. ಯಾರ ಮುಂದೂ ಹೇಳಬ್ಯಾಡ ಮತ್ತ."

ಹತ್ತೊಂಬತ್ತನೇ ವಯಸ್ಸಿಗೆ ಬೆಂಗಳೂರಿಗೆ ಹೋದಳಂತೆ. ಮೊದಲ ಆಡಿಷನ್ನಿನಲ್ಲಿ ಈಕೆ ಮನೆಗೆ 'ಮನಿ' ಎಂದದ್ದಕ್ಕೆ ಅಲ್ಲಿದ್ದವರು ಮತ್ತೆ ಮತ್ತೆ ಹೇಳಿಸಿ ನಕ್ಕರಂತೆ. ಅದಾದ ಮೇಲೆ ಸ್ವಂತ ಮಾತನ್ನೇ ಬಿಟ್ಟು, ಪ್ರಾಂಪ್ಟರ್ ಹೇಗೆ ಹೇಳುತ್ತಾನೋ ಹಾಗೇ ಹೇಳುವುದನ್ನು ಕಲಿತಳು. ಒಂದೇ ಧಾರಾವಾಹಿಯಲ್ಲಿ ಐದು ವರ್ಷ ಕಿರಿಯ ಸೊಸೆಯಾಗಿ ಅತ್ತಳು. ಆ ಅಳುವಿನ ಬಲದಿಂದ ಸಿನಿಮಾ ಸಿಕ್ಕಿತು. ಮೊದಲನೆಯದರಲ್ಲಿ ನಾಯಕನ ತಂಗಿ. ಕಂಬಕ್ಕೆ ಕಟ್ಟಿಸಿಕೊಂಡು ಅಣ್ಣಾ ಎಂದು ಕೂಗುವುದಷ್ಟೇ ಕೆಲಸ. ಎರಡನೆಯದರಲ್ಲಿ ಇಂಟರ್‌ವಲ್ಲಿಗೆ ಮೊದಲೇ ಸತ್ತಳು. ಮೂರನೆಯದರಲ್ಲಿ ನಾಯಕಿ. ಅದು ಬಿಡುಗಡೆಯಾಗಲೇ ಇಲ್ಲ.

"ಪೋಸ್ಟರ್ ಭಾಳ ಚಲೋ ಆಗಿತ್ತು," ಎಂದು ಫೋನಿನಲ್ಲಿ ತೋರಿಸಿದಳು. ಆ ಪೋಸ್ಟರಿನಲ್ಲಿ ಆಕೆಯ ಮುಖಕ್ಕಿಂತ ನಾಯಕನ ಬೂಟು ದೊಡ್ಡದಾಗಿತ್ತು. ನಾನು ಚಲೋ ಐತ್ರಿ ಎಂದೆ.

ಸಿನಿಮಾ ಬಿಟ್ಟು ಈ ಹೊಸ ಧಾರಾವಾಹಿಗೆ ಬಂದಾಗ ಕಿರಿಯ ಸೊಸೆಯ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಳು. ಈಕೆ ದೊಡ್ಡ ಸೊಸೆಯಾದಳು. ದೊಡ್ಡ ಸೊಸೆ ಎಂದರೆ ಯಾವತ್ತಾದರೂ ಸಾಯಬಹುದಾದವಳು.

"ಒಬ್ಬಾಕಿ ಇದ್ಲು, ಪಗಾರ ಹೆಚ್ಚು ಮಾಡ್ರಿ ಅಂದ್ಲು. ಮರುದಿನ ಆಕಿ ಫೋಟೋಕ್ಕ ಹಾರ ಹಾಕಿ ಶೂಟಿಂಗ್ ಶುರು ಮಾಡಿದ್ರು. ಆಕಿಗೆ ಹೇಳಿನೂ ಇರಲಿಲ್ಲ." ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನ ಬಂಡೆಯ ದೃಶ್ಯ. ಆ ತೀರದಲ್ಲಿ ಕರಿಗಲ್ಲಿನ ಒಂದು ಸಾಲು ನೀರೊಳಗೆ ಚಾಚಿಕೊಂಡಿದೆ. ನೀರು ಇಳಿದಾಗ ಅದು ನಡೆದು ಹೋಗುವಷ್ಟು ಒಣಗಿರುತ್ತದೆ. ಏರಿದಾಗ ತುದಿಯ ಬಂಡೆಯೊಂದೇ ಕಾಣುತ್ತದೆ. ಮುನಿಸಿಕೊಂಡ ಸೊಸೆ ಆ ತುದಿಯಲ್ಲಿ ನಿಂತು, ದಡದಲ್ಲಿರುವ ಗಂಡನಿಗೆ ಮಾತು ಹೇಳಬೇಕು. ಜರಿಯ ಭಾರದ ಕೆಂಪು ಸೀರೆ, ಸೊಂಟಕ್ಕೆ ಪಟ್ಟಿ, ಪಿನ್ನುಗಳು. ದಡದಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಜೀವರಕ್ಷಕನೊಬ್ಬ ಬಂದು, ನೀರು ಏರುತ್ತಿದೆ, ಯಾರೂ ಕಲ್ಲಿನ ಮೇಲೆ ಹೋಗುವಂತಿಲ್ಲ ಎಂದು ಕೊಂಕಣಿಯಲ್ಲಿ ಹೇಳಿದ. ನಾನು ಅದನ್ನು ಕನ್ನಡದಲ್ಲಿ ನಿರ್ದೇಶಕನಿಗೆ ಹೇಳಿದೆ.

"ಅವನಿಗೊಂದು ಟೀ ಕೊಡ್ಸಿ ಆ ಕಡೆ ಕೂರ್ಸಿ," ಎಂದ ನಿರ್ದೇಶಕ. ಮ್ಯಾನೇಜರ್ ಜೀವರಕ್ಷಕನ ಹೆಗಲ ಮೇಲೆ ಕೈ ಹಾಕಿ, ನಗುತ್ತ, ತಿಂಡಿಯ ಟೆಂಪೋ ಕಡೆಗೆ ನಡೆಸಿಕೊಂಡು ಹೋದ.

ಆಕೆ ಕಲ್ಲಿನ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು. "ಸರ್, ಇಲ್ಲೇ ನಿಂತ್ಕೊಂಡ್ರೆ ಆಗಲ್ವಾ? ಹಿಂದೆ ನೀರು ಕಾಣ್ಸುತ್ತಲ್ಲ."

ನಿರ್ದೇಶಕ ತಲೆ ಎತ್ತಲಿಲ್ಲ. ಎದುರಿನ ಪುಟ್ಟ ಪರದೆಯನ್ನು ದೇವರ ಪಟದ ಹಾಗೆ ನೋಡುತ್ತ ಹೇಳಿದ: "ಬಲವಂತ ಇಲ್ಲ ಮೇಡಂ. ಬೇಡ ಅಂದ್ರೆ ಬೇಡ. ಸೊಸೆ ಸಮುದ್ರಕ್ಕೆ ಬಿದ್ಲು ಅಂತ ಗಂಡನ ಬಾಯಲ್ಲಿ ಒಂದು ಡೈಲಾಗ್ ಹಾಕಿದ್ರೆ ಸಾಕು. ಶೂಟಿಂಗ್ ಖರ್ಚೂ ಉಳಿಯುತ್ತೆ."

ಸುತ್ತಲಿದ್ದವರು ನಕ್ಕರು. ಗಂಡನ ಪಾತ್ರದವನೂ ನಕ್ಕ. ಅವನು ಒಣ ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದ. ಆಕೆ ಸೀರೆ ಎತ್ತಿ ಹಿಡಿದು ಕಲ್ಲಿನಿಂದ ಕಲ್ಲಿಗೆ ದಾಟುತ್ತ ತುದಿಗೆ ಹೋಗಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತಳು.

ನಾನು ಕ್ಯಾಮೆರಾದ ಪಕ್ಕದಲ್ಲಿ ನಿಂತು ಓದತೊಡಗಿದೆ. ಮೊದಲೆರಡು ಸಾಲು ಸರಿಯಾಗಿ ಬಂದವು. ಮೂರನೆಯದನ್ನು ಓದಲು ಫೋನಿನಿಂದ ತಲೆ ಎತ್ತಿದಾಗ ಆಕೆಯ ಹಿಂದೆ ನೀರಿನ ಬಣ್ಣ ಬದಲಾಗಿತ್ತು. ಬೇರೆ ಅಲೆಗಳು ಬೂದಿ ಬಣ್ಣದವು. ಇದು ಕೆಸರಿನ ಬಣ್ಣದ್ದು, ಅಗಲವಾದದ್ದು. ತುದಿಯಲ್ಲಿ ಇನ್ನೂ ನೊರೆ ಒಡೆದಿರಲಿಲ್ಲ. ಅದಕ್ಕೇ ಸದ್ದೂ ಇರಲಿಲ್ಲ.

"ಅಕ್ಕಾರ! ಈ ಕಡಿ ಬರ್ರಿ! ದೊಡ್ಡ ತೆರಿ ಬರಾಕತ್ತೇತಿ!"

ಆಕೆ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿಕೊಂಡಳು. ಒಂದು ಕೈಯನ್ನು ದಡದ ಕಡೆ ಚಾಚಿ, ನಿಧಾನವಾಗಿ, ಎದೆ ಒಡೆದವಳ ಹಾಗೆ ಹೇಳಿದಳು: "ಅಕ್ಕಾರ... ಈ ಕಡಿ ಬರ್ರಿ. ದೊಡ್ಡ ತೆರಿ... ಬರಾಕತ್ತೇತಿ."

ಒಂದು ಅಕ್ಷರವೂ ತಪ್ಪಿರಲಿಲ್ಲ. ನಮ್ಮ ಓಣಿಯ ಹೆಂಗಸರು ಹೇಳುವ ಹಾಗೆಯೇ, ಹುಟ್ಟಿನಿಂದ ಬಂದ ಹಾಗೆಯೇ ಇತ್ತು.

"ಯಾವನೋ ಅದು ಬರ್ದಿದ್ದು? ಕಾಮಿಡಿ ಟ್ರ್ಯಾಕಾ?" ಎಂದು ನಿರ್ದೇಶಕ ಹಿಂದಿನಿಂದ ಕೇಳಿದ. ಕಟ್ ಎನ್ನಲಿಲ್ಲ. ನಾನು ಫೋನು ಬಿಸಾಡಿ ಓಡಿದೆ, ಓಡುತ್ತಲೂ ಕೂಗಿದೆ. ನನ್ನ ಕೊನೆಯ ಕೂಗನ್ನು ಆಕೆ ಅರ್ಧ ಹೇಳಿದ್ದಳು. ಆಗ ಅಲೆ ಬಂಡೆಯನ್ನು ಹತ್ತಿತು. ನೀರು ಇಳಿದಾಗ ಬಂಡೆ ಖಾಲಿಯಿತ್ತು.

ಇದನ್ನು ನಾನು ಕಣ್ಣು ಮುಚ್ಚಿ ಎಷ್ಟು ಸಲ ನೋಡಿದ್ದೇನೋ. ಮಾಂಡೋವಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯ ಕಡೆ ಈಗಲೂ ಕೂರುವುದಿಲ್ಲ. ಮಾತಿಗೆ ಬದಲು ಚಪ್ಪಲಿ ಬೀಸಿ ಒಗೆದಿದ್ದರೆ? ಚಪ್ಪಲಿಯನ್ನು ತಿರುಗಿ ಹೇಳಲು ಯಾರಿಗೂ ಬರುವುದಿಲ್ಲ.

ನಿರ್ದೇಶಕ ಎದ್ದು ನಿಂತು ಕೂಗಿದ್ದು, "ಕ್ಯಾಮೆರಾ ಹುಷಾರು!" ಗಂಡನ ಪಾತ್ರದವನು ಕುರ್ಚಿಯನ್ನು ಎತ್ತಿಕೊಂಡು ಹಿಂದೆ ಸರಿದ. ಕುರ್ಚಿಯನ್ನು ಎತ್ತಿಕೊಂಡು. ಬೆಳಕು ತಿರುಗಿಸುವ ಥರ್ಮೋಕೋಲ್ ಹಲಗೆ ಹಿಡಿದವನು ಅದನ್ನು ಬಿಡದೆ ಹಾಗೇ ನಿಂತಿದ್ದ. ಜೀವರಕ್ಷಕ ಟೀ ಲೋಟ ಎಸೆದು ಟೆಂಪೋ ಹಿಂದಿನಿಂದ ಓಡಿ ಬಂದು ನೀರಿಗೆ ಧುಮುಕಿದ. ಕಲ್ಲುಗಳ ನಡುವೆ ಸೀರೆಯ ಕೆಂಪು ಒಮ್ಮೆ ಕಂಡಿತು, ಮುಳುಗಿತು, ಇನ್ನಷ್ಟು ದೂರದಲ್ಲಿ ಮತ್ತೆ ಕಂಡಿತು. ಅವನು ಆಕೆಯ ಕೂದಲು ಹಿಡಿಯಲು ಹೋದ. ಕೈಗೆ ಬಂದದ್ದು ಜಡೆಗೆ ಸೇರಿಸಿ ಕಟ್ಟಿದ್ದ ಸವರಿ ಕೂದಲು. ಅದನ್ನು ಬಿಸಾಡಿ ತೋಳು ಹಿಡಿದ. ನಾನೂ ಇನ್ನಿಬ್ಬರೂ ಸೊಂಟದುದ್ದ ನೀರಿನಲ್ಲಿ ನಿಂತು ಸೆರಗು ಹಿಡಿದು ಎಳೆದೆವು. ಪಿನ್ನುಗಳು ನನ್ನ ಅಂಗೈ ಸೀಳಿದವು.

ಮರಳಿನ ಮೇಲೆ ಅಂಗಾತ ಮಲಗಿಸಿದಾಗ ಆಕೆ ಉಸಿರಾಡುತ್ತಿರಲಿಲ್ಲ. ಜೀವರಕ್ಷಕ ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ. ಆಮೇಲೆ ನೀರು ಕಾರಿದಳು. ಮ್ಯಾನೇಜರ್ ಅಷ್ಟರಲ್ಲಿ ಸುತ್ತ ನೆರೆದವರ ಫೋನುಗಳಿಗೆ ಕೈ ಅಡ್ಡ ಹಿಡಿದು, "ರೆಕಾರ್ಡ್ ಮಾಡ್ಬೇಡಿ, ಚಾನೆಲ್‌ನೋರು ಬಯ್ತಾರೆ," ಎನ್ನುತ್ತಿದ್ದ.

ಆಸ್ಪತ್ರೆಗೆ ಜೊತೆಯಾಗಿ ಹೋದದ್ದು ನಾನೊಬ್ಬಳೇ. ಉಳಿದವರಿಗೆ ಬೆಳಕು ಹೋಗುವ ಮೊದಲು ಗಂಡನ ಕಡೆಯ ಶಾಟುಗಳನ್ನು ಮುಗಿಸಬೇಕಿತ್ತಂತೆ. ಡಾಕ್ಟರ್ ಬಾಗಿ, ಆಕೆಯ ಹೆಸರೇನೆಂದು ಹಿಂದಿಯಲ್ಲಿ ಕೇಳಿದರು. ಆಕೆ ನನ್ನ ಕಡೆ ತಿರುಗಿ ಕಾದಳು. ಡಾಕ್ಟರ್ ಮತ್ತೆ ಕೇಳಿದರು. ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಆಕೆಯ ಹೆಸರು ಹೇಳಿದೆ. ಆಕೆ ಅದನ್ನು ತಿರುಗಿ ಹೇಳಿದಳು.

"ನೋವು ಎಲ್ಲೈತ್ರಿ, ಅಕ್ಕಾರ?" ಎಂದೆ.

"ನೋವು ಎಲ್ಲೈತ್ರಿ," ಎಂದಳು. ಆಮೇಲೆ ಅಳಲು ಶುರುಮಾಡಿದಳು. ಮೂಗು ಸುರಿಯಿತು, ಬಾಯಿ ಸೊಟ್ಟಗಾಯಿತು. ಗ್ಲಿಸರಿನ್ ಅಳು ಹಾಗಿರುವುದಿಲ್ಲ. ಎರಡು ಪಕ್ಕೆಲುಬು ಮುರಿದಿದ್ದವು.

ಆಕೆ ಬದುಕಿದ್ದನ್ನು ಅವರು ಲಾಭ ಮಾಡಿಕೊಂಡರು. ಅಲೆಗೆ ಸಿಕ್ಕ ಸೊಸೆಗೆ ನೆನಪು ಹೋಗಿದೆ ಎಂದು ಕಥೆ ತಿರುಗಿತು. ಎದೆಗೆ ಕಟ್ಟಿದ ಪಟ್ಟಿ ಕಾಣದ ಹಾಗೆ ಶಾಲು ಹೊದಿಸಿ ಮಂಚದ ಮೇಲೆ ಕೂರಿಸಿದರು. ಆ ಪಾತ್ರಕ್ಕೆ ಇನ್ನೊಂದು ವರ್ಷ ಸಾವಿಲ್ಲ. ಯಾವುದೋ ಸಂದರ್ಶನದಲ್ಲಿ ನಿರ್ದೇಶಕ ಪಕ್ಕದಲ್ಲೇ ಕೂತು, ಮೇಡಂ ಡ್ಯೂಪ್ ಬೇಡವೆಂದು ಹಟ ಹಿಡಿದರು ಎಂದ. ಆಕೆ ನಗುತ್ತ, "ಹೌದು, ನಾನೇ ಹಟ ಹಿಡಿದೆ," ಎಂದಳು. ಹೇಳುವ ಮೊದಲು ಅವನ ಬಾಯಿಯನ್ನೊಮ್ಮೆ ನೋಡಿದಳು.

ಇದಕ್ಕೆಲ್ಲ ಮೊದಲು ಅಲೆಯ ಪ್ರೋಮೋ ಬಂದದ್ದು ಒಂದು ಸಂಜೆ, ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಕೂತಿದ್ದಾಗ. ಬಂಡೆ, ಕೆಂಪು ಸೀರೆ, ಹಿಂದೆ ಆ ಕೆಸರು ಬಣ್ಣ. ಪಿಟೀಲು. ಯಾರದೋ ನಯವಾದ ಡಬ್ಬಿಂಗ್ ದನಿ: "ನಿಮ್ಮನ್ನು ಬಿಟ್ಟು ನಾನು ಬದುಕಲಾರೆ, ರೀ." ನನಗೆ ಆಕೆಯ ತುಟಿಗಳಷ್ಟೇ ಕಂಡವು. ಈ ಕಡಿ ಬರ್ರಿ. ದೊಡ್ಡ ತೆರಿ ಬರಾಕತ್ತೇತಿ. ನಾನು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದೆನಲ್ಲ. ಆಕೆ ಪರದೆಯಿಂದ ನೇರ ನಮ್ಮ ಪಡಸಾಲೆಯನ್ನೇ ನೋಡುತ್ತ, ಕೈ ಚಾಚಿ, ಎಲ್ಲರನ್ನೂ ಕರೆಯುತ್ತಿದ್ದಳು.

"ಏನ್ ಆ್ಯಕ್ಟಿಂಗ್ ಮಾಡ್ಯಾಳವಾ!" ಎಂದು ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಅವ್ವ ಮಾತ್ರ ಹುಬ್ಬು ಗಂಟಿಕ್ಕಿದಳು. "ಬಾಯಿ ಒಂದ ಹೇಳತೈತಿ, ಮಾತು ಒಂದ ಕೇಳತೈತಿ. ಬರ್ರಿ ಅಂದಂಗಾತಲ್ಲ. ಯಾರಿಗೆ ಕರದ್ಲು ಆಕಿ?"

"ಸುಮ್ಕ ನೋಡಬೇ ಯಕ್ಕಾ, ಗಂಡಗ ಕರದ್ಲು. ಮತ್ಯಾರಿಗೆ ಕರೀತಾಳ?"

ನಾನು ಎದ್ದೆ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು ಜಗ್ಗಿದಳು; ಪಿನ್ನು ಸೀಳಿದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

"ಎಲ್ಲಿ ಹೊಂಟಿ? ಕೂಡ್ರು. ಇನ್ನೊಮ್ಮಿ ತೋರಸ್ತಾರ."

ಜಾಹೀರಾತು ಮುಗಿಯಿತು. ಇನ್ನೊಮ್ಮೆ ತೋರಿಸಿದರು.